ಡೆಪಾಸಿಟ್ ಕಟ್ಟಿ ಮೂರು ವಾರ ಆಯ್ತು, ಈಗ ವೇಟ್‌ಲಿಸ್ಟ್‌ನಿಂದ ಕರೆ ಬಂದಿದೆ. ಏನ್ಮಾಡೋದು?

ಎಡಿಸನ್_ಅಮ್ಮ
ನಮಸ್ಕಾರ ಎಲ್ರಿಗೂ. ಯಾವಾಗ್ಲೂ ಸುಮ್ನೆ ಓದ್ಕೊಂಡು ಹೋಗೋಳು, ಇವತ್ತು ತಲೆ ಕೆಟ್ಟು ಬರೀತಿದೀನಿ. ಮಗಳು ಏಪ್ರಿಲ್ ಕೊನೇಲಿ ಒಂದು ಸ್ಟೇಟ್ ಯೂನಿವರ್ಸಿಟಿಗೆ ಡೆಪಾಸಿಟ್ ಕಟ್ಟಿದ್ಳು, 400 ಡಾಲರ್, ಡಾರ್ಮ್‌ಗೆ (ಹಾಸ್ಟೆಲ್) ಅಂತ ಬೇರೆ 200. ವರ್ಷಕ್ಕೆ 12 ಸಾವಿರ ಮೆರಿಟ್ ಸ್ಕಾಲರ್‌ಶಿಪ್ ಕೊಟ್ಟಿದ್ರು, ಎಲ್ರೂ ಖುಷಿಯಾಗೇ ಇದ್ವಿ. ಇನ್‌ಸ್ಟಾಗ್ರಾಮ್‌ನಲ್ಲಿ ರೂಮ್‌ಮೇಟ್ ಸಿಕ್ಕಿ ಇಬ್ರೂ ಸೇರಿ ರಗ್ಗಿನ ಬಣ್ಣ ಕೂಡ ಆರಿಸಿ ಆಗಿತ್ತು. ನಮ್ಮನೆಯವ್ರು ಎದೆ ಮೇಲೆ ದೊಡ್ಡದಾಗಿ "ಡ್ಯಾಡ್" ಅಂತ ಇರೋ ಸ್ವೆಟ್‌ಶರ್ಟ್ ತರಿಸ್ಕೊಂಡ್ರು. ಹಾಸನದಲ್ಲಿ ನಮ್ಮತ್ತೆ ಆ ಕಾಲೇಜ್ ಹೆಸರು ಬಾಯಿಪಾಠ ಮಾಡಿ ಇಡೀ ಬೀದಿಗೆ ಹೇಳಿ ಬಂದ್ರು.

ಇವತ್ತು ಮಧ್ಯಾಹ್ನ ಅವಳು ವೇಟ್‌ಲಿಸ್ಟ್‌ನಲ್ಲಿದ್ದ ಪ್ರೈವೇಟ್ ಯೂನಿವರ್ಸಿಟಿಯಿಂದ ಫೋನು. ಸೀಟ್ ಇದೆ, 72 ಗಂಟೆ ಒಳಗೆ ಹೇಳಿ ಅಂತ. ಹುಡುಗಿ ಸ್ಕೂಲ್ ಪಾರ್ಕಿಂಗ್ ಲಾಟ್‌ನಿಂದ ಅಳ್ತಾ ಫೋನ್ ಮಾಡಿದ್ಳು, ಖುಷಿಗೋ ಭಯಕ್ಕೋ ನಂಗೆ ಈಗ್ಲೂ ಗೊತ್ತಿಲ್ಲ. ಇದೇ ಅವಳ ಮೊದಲ ಆಸೆ, ಮಾರ್ಚ್‌ನಲ್ಲಿ ವೇಟ್‌ಲಿಸ್ಟ್ ಅಂತ ಬಂದಾಗ ಎರಡು ದಿನ ಸರಿಯಾಗಿ ಊಟ ಬಿಟ್ಟಿದ್ಳು.

ಕಟ್ಟಿದ ದುಡ್ಡು ವಾಪಸ್ ಬರತ್ತಾ? ಎರಡು ಕಡೆ ಡೆಪಾಸಿಟ್ ಕಟ್ಟಿದ್ರೆ ಎರಡೂ ಕಡೆ ಸೀಟ್ ಹೋಗತ್ತೆ ಅಂತ ದೇವಸ್ಥಾನದಲ್ಲಿ ಯಾರೋ ಹೆದರಿಸಿದ್ರು, ನಿಜಾನಾ? ಮೊದ್ಲು ಯಾರಿಗೆ ಹೂಂ ಅನ್ಬೇಕು, ಯಾರಿಗೆ ಒಲ್ಲೆ ಅನ್ಬೇಕು? ಏಡ್ (ಫೀಸಿಗೆ ಕೊಡೋ ಹಣದ ಸಹಾಯ) ಬಗ್ಗೆ ಈ ಹೊಸ ಕಾಲೇಜಿನವ್ರು ಒಂದಕ್ಷರ ಹೇಳಿಲ್ಲ, ಹೀಗೇ ಆದ್ರೆ ಹಳೇದಕ್ಕಿಂತ ವರ್ಷಕ್ಕೆ 40 ಸಾವಿರ ಜಾಸ್ತಿ.

ಬೇಏರಿಯಾ_ಬೇಳೆಸಾರು
ಮೊದ್ಲು ಕಂಗ್ರಾಟ್ಸ್ ಹೇಳಿ ಮಗಳಿಗೆ. 400 ಮರ್ತುಬಿಡಿ ಮೇಡಂ. ಮೇ 1 (ಯಾವ ಕಾಲೇಜು ಅಂತ ಹೇಳೋಕೆ ಕೊನೇ ದಿನ) ದಾಟಿದ ಮೇಲೆ ಅದು ವಾಪಸ್ ಬರೋ ದುಡ್ಡಲ್ಲ, ಕೂತಿರೋರು ಎದ್ದು ಹೋಗದೇ ಇರ್ಲಿ ಅಂತಾನೇ ಇಸ್ಕೊಳ್ಳೋದು. ನಮ್ಮ ದೊಡ್ಡವನದ್ದು ಯೂಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ), ಬರ್ತೀನಿ ಅಂತ ಒಪ್ಕೊಳ್ಳೋದಕ್ಕೆ ಅಲ್ಲಿ ಎಸ್‌ಐಆರ್ ಅಂತಾರೆ, ನಾವು ಕಟ್ಟಿದ್ದು 250. ಒಂದು ಕ್ಯಾಂಪಸ್‌ಗೆ ಕಟ್ಟಿರ್ತೀರಿ, ಇನ್ನೊಂದು ಯೂಸಿ ಕ್ಯಾಂಪಸ್ ವೇಟ್‌ಲಿಸ್ಟ್‌ನಿಂದ ಕರೀತು ಅನ್ಕೊಳ್ಳಿ, ಆ 250 ಅಲ್ಲಿಗೆ ಬರಲ್ಲ, ಹೊಸದಾಗಿ ಕಟ್ಬೇಕು. ಹೆಸರು ಒಂದೇ ಆದ್ರೂ ಗಲ್ಲಾಪೆಟ್ಟಿಗೆ ಬೇರೆ ಬೇರೆ.

ಡಾರ್ಮ್ 200 ಬೇರೆ ಲೆಕ್ಕ. ಹೌಸಿಂಗ್ ಕಾಂಟ್ರಾಕ್ಟ್‌ಗೆ ಸೈನ್ ಹಾಕಿದಾಳಾ ಅಂತ ಇವತ್ತೇ ಕೇಳಿ, ಕ್ಯಾನ್ಸಲೇಷನ್ ಡೇಟ್ ಅದ್ರಲ್ಲೇ ಇರತ್ತೆ. ಅಡ್ಮಿಷನ್ ಬಿಟ್ಟೆ ಅಂದ್ರೆ ಡಾರ್ಮ್ ತಾನಾಗೇ ಕ್ಯಾನ್ಸಲ್ ಆಗತ್ತೆ ಅಂತ ನಂಬ್ಕೊಂಡು ಕೂತು ಜುಲೈನಲ್ಲಿ ಬಿಲ್ ಬಂದೋರು ನಮ್ಮ ಬೀದೀಲೇ ಇದಾರೆ.

ಧಾರವಾಡ_ಟು_ಡಲ್ಲಾಸ್
ಎಲ್ಲಾರೂ ರೊಕ್ಕದ ಮಾತೇ ಆಡಾಕತ್ತೀರಿ, ನಾ ಒಂದ್ ಮಾತ್ ಕೇಳ್ತೀನಿ ಸಿಟ್ಟಾಗಬ್ಯಾಡ್ರಿ. ಕೂಸು ಬರ್ತೀನಿ ಅಂತ ಮಾತ್ ಕೊಟ್ಟೈತಿ, ಅವರು ಒಂದ್ ಸೀಟ್ ಇಟ್ಟಾರ, ಸ್ಕಾಲರ್‌ಶಿಪ್ ಎತ್ತಿಟ್ಟಾರ. ವೀಳ್ಯ ಆದ ಮ್ಯಾಲೆ ಇನ್ನೊಂದ್ ಮನಿಯಿಂದ ಹೇಳಿಕಿ ಬಂತು ಅಂತ ಎದ್ ಹೊಂಟಂಗ ಆತಲ್ರಿ ಇದು. ನಮ್ಮ ಮಗಗೂ ಹಿಂಗಾ ಕರದಿದ್ರು, ನಾವ್ ಬ್ಯಾಡ ಅಂದ್ವಿ, ಅಂವ ಈಗ ಆರಾಮ್ ಅದಾನ.

ಶಾಲೆಆಫೀಸ್_ಅಕ್ಕ
ಇಲಿನಾಯ್‌ನಲ್ಲಿ ಹೈಸ್ಕೂಲ್ ಕೌನ್ಸೆಲಿಂಗ್ ಆಫೀಸ್‌ನಲ್ಲಿ ಕೆಲಸ ಮಾಡ್ತೀನಿ, ಪ್ರತಿ ಮೇ ತಿಂಗಳು ಇದೇ ಕಥೆ. ಧಾರವಾಡದ ಅಣ್ಣನ ಮಾತು ಮನಸ್ಸಿಗೆ ಹಿಡಿಸತ್ತೆ, ಆದ್ರೆ ವೀಳ್ಯದ ಹೋಲಿಕೆ ಇಲ್ಲಿ ಕೂರಲ್ಲ. ನಿಮ್ಮ ಮಗಳು ಒಂದೇ ಫಾರ್ಮ್‌ನಲ್ಲಿ ತುಂಬಾ ಕಾಲೇಜಿಗೆ ಅರ್ಜಿ ಹಾಕೋ ಕಾಮನ್ ಆ್ಯಪ್‌ನಲ್ಲಿ ಅಪ್ಲೈ ಮಾಡಿದ್ರೆ ಸಬ್ಮಿಟ್ ಮಾಡೋ ಮುಂಚೆ ಟಿಕ್ ಹಾಕಿರೋ ಒಂದು ಮಾತಿದೆ, ಒಂದೇ ಕಾಲೇಜಿಗೆ ಡೆಪಾಸಿಟ್ ಕಳಿಸ್ತೀನಿ, ಎರಡು ಮೂರು ಕಡೆ ಕಳಿಸಿದ್ರೆ ಎಲ್ಲಾ ಕಡೆ ಅಡ್ಮಿಷನ್ ವಾಪಸ್ ತಗೋಬಹುದು ಅಂತ. ದೇವಸ್ಥಾನದಲ್ಲಿ ಹೆದರಿಸಿದ್ದು ಇದನ್ನೇ ಇಟ್ಕೊಂಡು. ಆದ್ರೆ ಅದೇ ಸಾಲಿನ ಕೆಳಗೆ ಇನ್ನೊಂದಿದೆ, ಯಾರೂ ಓದಲ್ಲ: ವೇಟ್‌ಲಿಸ್ಟ್‌ನಿಂದ ಸೀಟ್ ಸಿಕ್ಕಿದ್ರೆ ಎರಡನೇ ಕಾಲೇಜಿಗೆ ಡೆಪಾಸಿಟ್ ಕಟ್ಟಬಹುದು, ಮೊದಲನೇ ಕಾಲೇಜಿಗೆ ಬರಲ್ಲ ಅಂತ ತಿಳಿಸ್ಬೇಕು ಅಷ್ಟೇ. ತಪ್ಪಾಗೋದು ಏಪ್ರಿಲ್‌ನಲ್ಲಿ ಮನಸ್ಸು ಗಟ್ಟಿ ಮಾಡ್ಕೊಳ್ಳಕ್ಕೆ ಆಗದೆ ಎರಡು ಕಡೆ ಕಟ್ಟಿ ಆಗಸ್ಟ್ ತನಕ ಇಬ್ರನ್ನೂ ಕಾಯಿಸಿದಾಗ. ನಿಮ್ಮದು ಹಂಗಲ್ಲ.

ಇನ್ನು ಕಾಲೇಜುಗಳ ಮರ್ಯಾದೆ ವಿಷ್ಯ. ಅಡ್ಮಿಷನ್ ಆಫೀಸರ್‌ಗಳು ಮತ್ತೆ ಸ್ಕೂಲ್ ಕೌನ್ಸೆಲರ್‌ಗಳು ಸೇರಿರೋ ನ್ಯಾಕ್ಯಾಕ್ ಅಂತ ಸಂಘ ಇದೆ. ಮೇ 1 ಆದ್ಮೇಲೆ ಬೇರೆ ಕಡೆ ಡೆಪಾಸಿಟ್ ಕಟ್ಟಿದ ಮಕ್ಕಳಿಗೆ ಗಾಳ ಹಾಕ್ಬಾರ್ದು ಅನ್ನೋ ನಿಯಮ ಅವರ ಪುಸ್ತಕದಲ್ಲಿತ್ತು, ಆಗ್ಲೂ ವೇಟ್‌ಲಿಸ್ಟ್‌ಗೆ ವಿನಾಯ್ತಿ ಇತ್ತು. ಇಂಥ ನಿಯಮಗಳು ಪೈಪೋಟಿಗೆ ಅಡ್ಡ ಅಂತ ಅಮೆರಿಕದ ನ್ಯಾಯ ಇಲಾಖೆ ತನಿಖೆ ಶುರು ಮಾಡ್ತು, 2019 ಸೆಪ್ಟೆಂಬರ್‌ನಲ್ಲಿ ಲೂಯಿವಿಲ್‌ನಲ್ಲಿ ಸೇರಿದವರು ವೋಟ್ ಹಾಕಿ ಅದನ್ನ ಕಿತ್ತೇ ಹಾಕಿದ್ರು. ಈಗ ನೀವು ಡೆಪಾಸಿಟ್ ಕಟ್ಟಿ ಒಂದು ತಿಂಗಳಾದ್ಮೇಲೂ ಬೇರೆ ಕಾಲೇಜು ಇನ್ನೊಂದಿಷ್ಟು ಸ್ಕಾಲರ್‌ಶಿಪ್ ಇಟ್ಕೊಂಡು ಇಮೇಲ್ ಹಾಕಿದ್ರೆ ತಡೆಯೋರಿಲ್ಲ. ದೊಡ್ಡವರ ಆಟ ಹೀಗಿರುವಾಗ 17 ವರ್ಷದ ಹುಡುಗಿ ಒಬ್ಳೇ ಯಾಕೆ ಪಾಪಪ್ರಜ್ಞೆ ಹೊತ್ಕೊಂಡು ಓಡಾಡ್ಬೇಕು.

ಮುಖ್ಯವಾದದ್ದು: ಏಡ್ ಲೆಟರ್ ಕೈಗೆ ಬರೋ ತನಕ ಹಳೇ ಕಾಲೇಜನ್ನ ಮುಟ್ಟಬೇಡಿ. 72 ಗಂಟೆ ಸಾಕಾಗಲ್ಲ ಅಂದ್ರೆ ಎರಡು ದಿನ ಜಾಸ್ತಿ ಕೊಡಿ ಅಂತ ಕೇಳಿ, ಕೇಳೋದ್ರಲ್ಲಿ ತಪ್ಪಿಲ್ಲ. ಮತ್ತೆ ತುಂಬಾ ಆಸೆ ಇಟ್ಕೋಬೇಡಿ. ಅಡ್ಮಿಷನ್ ಕೊಡುವಾಗ ಮನೆ ಆದಾಯ ನೋಡಲ್ಲ ಅನ್ನೋ ಕಾಲೇಜುಗಳಲ್ಲೂ ಕೆಲವು ವೇಟ್‌ಲಿಸ್ಟ್ ಹೊತ್ತಿಗೆ ನೋಡ್ತವೆ, ಅಷ್ಟೊತ್ತಿಗೆ ಏಡ್ ಡಬ್ಬಿ ತಳ ಕಂಡಿರತ್ತೆ.

ಷಾರ್ಲೆಟ್_ಚಿತ್ರಾನ್ನ
ಅಕ್ಕ ಹೇಳಿದ ಕೊನೇ ಪ್ಯಾರಾ ನಾನು ಎರಡು ವರ್ಷ ಮುಂಚೆ ಓದಿದ್ರೆ ಎಷ್ಟು ಚೆನ್ನಾಗಿತ್ತು. ಜೂನ್ 3ಕ್ಕೆ ಮಗನಿಗೆ ಕರೆ ಬಂತು, 48 ಗಂಟೆ ಟೈಮು. ನಮ್ಮನೆಯವ್ರು ಆ ಹೊತ್ತಿಗೆ ಬೆಂಗ್ಳೂರಲ್ಲಿ, ಅವ್ರ ಅಪ್ಪಂಗೆ ಕಣ್ಣಿನ ಆಪರೇಷನ್, ಇಲ್ಲಿ ರಾತ್ರಿ ಆದಾಗ ಅಲ್ಲಿ ಬೆಳಗ್ಗೆ, ಒಂದು ಮಾತು ಕೂತು ಆಡೋಕಾಗ್ಲಿಲ್ಲ. ಮಗ ಕುಣೀತಿದ್ದ, ನಾನೂ ಕುಣಿದೆ, ಡೆಪಾಸಿಟ್ ಕಟ್ಟಿದ್ವಿ, ಹಳೇ ಕಾಲೇಜಿಗೆ ಬೈ ಅಂದ್ವಿ. ಹತ್ತು ದಿನ ಆದ್ಮೇಲೆ ಏಡ್ ಲೆಟರ್ ಬಂತು ನೋಡಿ, ಗ್ರಾಂಟ್ (ವಾಪಸ್ ಕಟ್ಬೇಕಿಲ್ಲದ ದುಡ್ಡು) ಅನ್ನೋ ಜಾಗದಲ್ಲಿ ಸೊನ್ನೆ, ಪೂರ್ತಿ ಪೇರೆಂಟ್ ಲೋನ್. ಹಳೇ ಕಾಲೇಜಿಗೆ ಫೋನ್ ಮಾಡಿದ್ರೆ ತುಂಬಾ ಮರ್ಯಾದೆಯಿಂದ ಮಾತಾಡಿದ್ರು, ಸೀಟ್ ಬೇಕಾದ್ರೆ ಕೊಡ್ತೀವಿ, ಸ್ಕಾಲರ್‌ಶಿಪ್ ಬೇರೆಯವರಿಗೆ ಹೋಯ್ತು ಅಂದ್ರು. ಅವ್ರದ್ದೇನೂ ತಪ್ಪಿಲ್ಲ. ಮಗ ಈಗ ಅಲ್ಲಿ ಚೆನ್ನಾಗೇ ಇದಾನೆ, ನಾನು ಶನಿವಾರಾನೂ ಕೆಲಸಕ್ಕೆ ಹೋಗ್ತೀನಿ.

ಮೈಸೂರ್_ಪಾಕ್
ಮೈಸೂರಿಂದ ಬರೀತಿದೀನಿ, ನಮ್ಮ ತಂಗಿ ಮನೆ ಅಮೆರಿಕದಲ್ಲೇ ಇರೋದ್ರಿಂದ ಈ ಥ್ರೆಡ್ ಕಣ್ಣಿಗೆ ಬಿತ್ತು. ಸಿಇಟಿ ಸೀಟ್ ಹಂಚೋ ನಮ್ಮ ಕೆಇಎ ಎಷ್ಟೋ ವಾಸಿ ಅನ್ಸ್ತಿದೆ ಈಗ, ಬೈತಾ ಇರ್ತೀವಿ ಅಷ್ಟೇ. ಸೀಟ್ ಬಂದ್ಮೇಲೆ ಛಾಯ್ಸ್ 1 ಅಂದ್ರೆ ಇದೇ ಸಾಕು ಹೋಗಿ ಸೇರ್ತೀನಿ, ಛಾಯ್ಸ್ 2 ಅಂದ್ರೆ ಇದನ್ನ ಕೈಲಿ ಹಿಡ್ಕೊಂಡೇ ಮುಂದಿನ ರೌಂಡ್ ನೋಡ್ತೀನಿ, 3 ಅಂದ್ರೆ ಇದು ಬೇಡ ಮುಂದಿನದು ನೋಡ್ತೀನಿ, 4 ಅಂದ್ರೆ ನಿಮ್ಮ ಸಹವಾಸಾನೇ ಬೇಡ. ನಿಮ್ಮ ವೇಟ್‌ಲಿಸ್ಟು ಒಂಥರಾ ಛಾಯ್ಸ್ 2, ವ್ಯತ್ಯಾಸ ಏನಂದ್ರೆ ಇಲ್ಲಿ ರ‍್ಯಾಂಕ್ ಕಣ್ಣಿಗೆ ಕಾಣತ್ತೆ, ಅಲ್ಲಿ ಯಾವ ದೇವರು ಕರೀತಾನೋ ಗೊತ್ತಾಗಲ್ಲ.

ದುಡ್ಡಿನ ವಿಷ್ಯಕ್ಕೂ ಇಲ್ಲಿ ಯೂಜಿಸಿ 2018ರಲ್ಲಿ ಒಂದು ಅಧಿಸೂಚನೆ ಮಾಡಿದೆ. ಅಡ್ಮಿಷನ್ ಕೊನೇ ದಿನಕ್ಕೆ 15 ದಿನ ಮುಂಚೆ ಬಿಟ್ರೆ ಪೂರ್ತಿ ಫೀಸ್ ವಾಪಸ್, ಆಮೇಲೆ 90, 80, 50 ಪರ್ಸೆಂಟ್ ಅಂತ ಇಳೀತಾ ಕೊನೇ ದಿನ ಆಗಿ ತಿಂಗಳು ದಾಟಿದ್ರೆ ಏನೂ ಇಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊಬಾರ್ದು ಅಂತಾನೂ ಇದೆ. ಕಾಗದದಲ್ಲಿ ಇರೋದು ಇಷ್ಟು. ಪಕ್ಕದ ಮನೆ ಹುಡುಗಿ ಬಿಕಾಂ ಬಿಟ್ಟು ಇನ್ನೊಂದು ಕಡೆ ಹೋಗ್ತೀನಿ ಅಂದಾಗ ಟಿಸಿ ಕೊಡೋಕೆ ನಾಲ್ಕು ಸಲ ಅಲೆಸಿದ್ರು, ಅವ್ರಪ್ಪ ಅಧಿಸೂಚನೆ ಪ್ರಿಂಟ್ ತಗೊಂಡು ಹೋಗಿ ಟೇಬಲ್ ಮೇಲೆ ಇಟ್ಮೇಲೆ ಐದನೇ ಸಲಕ್ಕೆ ಆಯ್ತು.

ಐಟ್ವೆಂಟಿ_ಬಸವನಗುಡಿ
ಎಡಿಸನ್ ಆಂಟಿ, ನಿಮ್ಮದು ಇಲ್ಲೇ ಇರೋ ಫ್ಯಾಮಿಲಿ, ಆದ್ರೆ ಇಂಡಿಯಾದಿಂದ ಓದ್ತಿರೋರಿಗೆ ಅಂತ ಹಾಕ್ತಿದೀನಿ. ನಾನು ಎಫ್-1 ಸ್ಟೂಡೆಂಟ್ ವೀಸಾ ಮೇಲೆ ಬಂದೋನು, ಮೇ ಕೊನೇಲಿ ವೇಟ್‌ಲಿಸ್ಟ್ ಕ್ಲಿಯರ್ ಆದಾಗ ಮೊದಲ ಕಾಲೇಜಿನ ಐ-20 (ವೀಸಾಗೆ ಕಾಲೇಜು ಕೊಡೋ ಪತ್ರ) ಇಟ್ಕೊಂಡು 350 ಡಾಲರ್ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ) ಫೀ ಕಟ್ಟಿ ಆಗಿತ್ತು, ಚೆನ್ನೈ ಇಂಟರ್ವ್ಯೂ ಸ್ಲಾಟ್ ಜೂನ್ ಮಧ್ಯಕ್ಕೆ. ಹೊಸ ಕಾಲೇಜು ಹೊಸ ಐ-20 ಕೊಡತ್ತೆ, ಅದ್ರ ಮೇಲೆ ಸೆವಿಸ್ ನಂಬರ್ ಬೇರೆ. ಕಟ್ಟಿದ ಫೀ ಹೊಸ ನಂಬರ್‌ಗೆ ಟ್ರಾನ್ಸ್‌ಫರ್ ಮಾಡಿಸ್ಬಹುದು, ಮತ್ತೆ 350 ಕಟ್ಬೇಡಿ. ವೀಸಾ ಅರ್ಜಿ ಡಿಎಸ್-160 ನಲ್ಲಿ ಕಾಲೇಜ್ ಹೆಸರು ನಂಬರ್ ಎಲ್ಲಾ ಹೊಸದೇ ಇರ್ಬೇಕು. ಇಂಟರ್ವ್ಯೂ ಮುಂಚೆ ಆದ್ರೆ ಇದು ಬರೀ ಕಾಗದದ ಕೆಲಸ, ವೀಸಾ ಸ್ಟಾಂಪ್ ಆದ್ಮೇಲೆ ಕಾಲೇಜ್ ಬದಲಾಯಿಸೋರು ಟಿಕೆಟ್ ಬುಕ್ ಮಾಡೋ ಮುಂಚೆ ಹೊಸ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸ್‌ಗೆ ಬರೆದು ಕೇಳಿ. ನಂಗಂತೂ ಹೊಸ ಐ-20 ಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತೆ ಬೇಕಾಯ್ತು, ಖರ್ಚು ಜಾಸ್ತಿ ಇರೋದ್ರಿಂದ ತೋರಿಸೋ ದುಡ್ಡೂ ಜಾಸ್ತಿ, ಅಪ್ಪ ಗಾಂಧಿಬಜಾರ್ ಬ್ಯಾಂಕಲ್ಲಿ ಎರಡು ದಿನ ಕೂತಿದ್ರು.

ಎಡಿಸನ್_ಅಮ್ಮ
ಎಲ್ರಿಗೂ ಥ್ಯಾಂಕ್ಸ್, ಷಾರ್ಲೆಟ್ ಅವ್ರೇ ನಿಮ್ಮದು ಓದಿ ನಿದ್ದೆ ಬರ್ಲಿಲ್ಲ. ಇವತ್ತಿನ ಸಮಾಚಾರ. ಬೆಳಗ್ಗೆ 9 ಕ್ಕೆ ನಮ್ಮನೆಯವ್ರು ಫೈನಾನ್ಷಿಯಲ್ ಏಡ್ ಆಫೀಸ್‌ಗೆ ಫೋನ್ ಹಚ್ಚಿದ್ರು. ಎರಡೇ ನಿಮಿಷ, ಸಾರ್ ಸ್ಟೂಡೆಂಟ್ ಹತ್ರ ಮಾತಾಡ್ಬೇಕು ಅಂದ್ರು. ದುಡ್ಡು ಕೊಡೋನು ನಾನು ಅಂತ ಇವ್ರು ಶುರು ಮಾಡೋ ಹೊತ್ತಿಗೆ ನಾನು ಫೋನ್ ಕಿತ್ಕೊಂಡೆ. ಸ್ಕೂಲ್ ಬಿಟ್ಮೇಲೆ ಮಗಳು ಸ್ಪೀಕರ್ ಫೋನಲ್ಲಿ ಮಾತಾಡಿದ್ಳು, ಇವ್ರು ಪಕ್ಕದಲ್ಲಿ ಪಟೇಲ್ ಬ್ರದರ್ಸ್ ಅಂಗಡಿ ಬಿಲ್ ಹಿಂದೆ "ಗ್ರಾಂಟ್ ಎಷ್ಟು", "4 ವರ್ಷಕ್ಕೂನಾ" ಅಂತ ಬರೆದು ಬರೆದು ತಳ್ತಿದ್ರು. ಅವಳು ಅದನ್ನ ನೋಡದೇನೇ ಇನ್ನೂ ಚೆನ್ನಾಗಿ ಕೇಳಿದ್ಳು.

ಅಲ್ಲೇ ಗೊತ್ತಾಗಿದ್ದು, ನಾವು ಸಿಎಸ್‌ಎಸ್ ಪ್ರೊಫೈಲ್ (ಕಾಲೇಜಿನ ಏಡ್‌ಗೆ ಹಾಕೋ ಅರ್ಜಿ) ಆ ಕಾಲೇಜಿಗೆ ಕಳಿಸೇ ಇಲ್ಲ! ನಮ್ಮ ಸಂಬಳಕ್ಕೆ ಯಾವನು ಕೊಡ್ತಾನೆ, 16 ಡಾಲರ್ ದಂಡ ಅಂತ ಜನವರೀಲಿ ಇವ್ರೇ ಬೇಡ ಅಂದಿದ್ರಂತೆ. ಸರ್ಕಾರಿ ಏಡ್ ಅರ್ಜಿ ಫಾಫ್ಸಾದಲ್ಲಿ ಆ ಕಾಲೇಜಿನ ಹೆಸರಿತ್ತು, ಸದ್ಯ. ರಾತ್ರಿ ಕೂತು ಟ್ಯಾಕ್ಸ್ ಪೇಪರ್ ಹಾಕಿ ಕಳಿಸಿದ್ವಿ. ಕೇಳಿದ್ದಕ್ಕೆ ಎರಡು ದಿನ ಜಾಸ್ತಿ ಕೊಟ್ಟಿದಾರೆ.

ಧಾರವಾಡ_ಟು_ಡಲ್ಲಾಸ್
ಮಗಳು ಶಾಣ್ಯಾ ಅದಾಳ್ರಿ. ನಿನ್ನೆ ನಾ ಅಂದದ್ದು ಜರಾ ಖಾರ ಆತೇನೋ. ರಾತ್ರಿ ಮಗನ್ನ ಕೇಳ್ದೆ, ಆವಾಗ ನಿನಗ ಅಲ್ಲಿ ಹೋಗೋ ಮನಸಿತ್ತೇನಪಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದ. ನೀವು ಕೇಳೇ ಇಲ್ಲಲ್ಲ ಪಪ್ಪಾ ಅಂದ.

ಬೇಏರಿಯಾ_ಬೇಳೆಸಾರು
ಅಣ್ಣಾ, ಇದು ನಮ್ಮ ಮನೇಲೂ ನಡೆದಿದೆ.

ಸಿಎಸ್‌ಎಸ್ ಲೇಟ್ ಆದ್ರೂ ಪರ್ವಾಗಿಲ್ಲ, ಕಳಿಸಿದ್ದು ಒಳ್ಳೇದು. ಮುಂದಿನ ವರ್ಷ ಯಾರಾದ್ರೂ ವೇಟ್‌ಲಿಸ್ಟ್‌ನಲ್ಲಿ ಕಾಯೋರು ಇದ್ರೆ ಆ ಕಾಲೇಜಿನ ಕಾಮನ್ ಡೇಟಾ ಸೆಟ್ (ಕಾಲೇಜೇ ಹಾಕೋ ಅಂಕಿಅಂಶ) ಹುಡುಕಿ, ಸಿ2 ಅನ್ನೋ ಭಾಗ. ಎಷ್ಟು ಜನಕ್ಕೆ ವೇಟ್‌ಲಿಸ್ಟ್ ಕೊಟ್ರು, ಎಷ್ಟು ಜನ ಇರ್ತೀನಿ ಅಂದ್ರು, ಕೊನೆಗೆ ಎಷ್ಟು ಜನಕ್ಕೆ ಸೀಟ್ ಸಿಕ್ತು, ಮೂರು ನಂಬರ್ ಇರತ್ತೆ. ಒಂದೇ ಕಾಲೇಜಲ್ಲಿ ಒಂದು ವರ್ಷ ನೂರಾರು, ಮರುವರ್ಷ ಸೊನ್ನೆ ಆಗಿರೋದೂ ಉಂಟು. ಡೆಪಾಸಿಟ್ ಕಟ್ಟಿ ಬೇಸಿಗೇಲಿ ಜಾರ್ಕೊಂಡು ಹೋಗೋ ಮಕ್ಕಳಿಗೆ ಕಾಲೇಜಿನವರು "ಸಮ್ಮರ್ ಮೆಲ್ಟ್" ಅಂತ ಹೆಸರೇ ಇಟ್ಟಿದಾರೆ, ಅದ್ರ ಲೆಕ್ಕ ಹಾಕೇ ಜಾಸ್ತಿ ಜನಕ್ಕೆ ಅಡ್ಮಿಷನ್ ಕೊಟ್ಟಿರ್ತಾರೆ. ನಿಮ್ಮ ಮಗಳು ಬಿಟ್ಟ ಜಾಗಕ್ಕೆ ಅವರ ವೇಟ್‌ಲಿಸ್ಟ್‌ನಿಂದ ಇನ್ನೊಬ್ರು ಬರಬಹುದು, ಅವರು ಬಿಟ್ಟಿದ್ದಕ್ಕೆ ಇನ್ನೊಬ್ರು. ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಟವೆಲ್ ಹಾಕಿದಂಗೆ ಇದು, ಟವೆಲ್ ಎತ್ತಿದ್ರೆ ಸೀಟೇನೂ ಖಾಲಿ ಹೋಗಲ್ಲ.

529 ಅಕೌಂಟ್‌ನಿಂದ (ಓದಿಗೆ ಅಂತ ಕೂಡಿಡೋ ಖಾತೆ) ಏನಾದ್ರೂ ಕಟ್ಟಿದ್ರಾ? ಹಂಗೆ ಕಟ್ಟಿದ್ದು ಕಾಲೇಜು ವಾಪಸ್ ಕೊಟ್ರೆ 60 ದಿನದೊಳಗೆ ಅದನ್ನ ಅಕೌಂಟ್‌ಗೆ ಮತ್ತೆ ಹಾಕ್ಬೇಕು, ಇಲ್ಲಾಂದ್ರೆ ಟ್ಯಾಕ್ಸ್ ತಲೆನೋವು.

ಕುಡ್ಲದ_ಅಣ್ಣ
ಮೀನು ಸಾರು ಹೆಸರಲ್ಲಿ ಯಾರೂ ಇಲ್ವಾ ಮಾರಾಯ್ರೇ ಇಲ್ಲಿ, ಎಲ್ಲ ಬೇಳೆಸಾರು ಚಿತ್ರಾನ್ನವೇ. ಇರ್ಲಿ, ಲೆಟರ್ ಬಂದ ಕೂಡ್ಲೇ ಹೇಳಿ, ನಮಗೂ ಟೆನ್ಷನ್ ಆಗ್ತಾ ಉಂಟು.

ಎಡಿಸನ್_ಅಮ್ಮ
ಲೆಟರ್ ಬಂತು, ಸಂಜೆ 4:40 ಕ್ಕೆ. ಗ್ರಾಂಟ್ 21,500. ಮಗಳ ಹೆಸರಲ್ಲಿ ಫೆಡರಲ್ ಲೋನ್ 5,500, ಮೊದಲ ವರ್ಷಕ್ಕೆ ಅದೇ ಮಿತಿಯಂತೆ. ಲೋನ್ ಲೆಕ್ಕಕ್ಕೆ ತಗೊಳ್ದೆ ನೋಡಿದ್ರೆ ಹಳೇ ಕಾಲೇಜಿಗಿಂತ ವರ್ಷಕ್ಕೆ 18,500 ಜಾಸ್ತಿ.

ರಾತ್ರಿ ಊಟದ ಟೇಬಲ್ ಮೇಲೆ ಮೂರೂ ಜನ. ಹಾಸನದ ಸೈಟ್ ಮಾರೋಣ ಅಂದ್ರು ನಮ್ಮನೆಯವ್ರು. ಅದು ನಮ್ಮಪ್ಪ ನಂಗೆ ಕೊಟ್ಟಿದ್ದು ರೀ, ನಿಮ್ಮ ಸೈಟ್ ಮಾರಿ ಅಂದೆ. ಅವ್ರ ಸೈಟ್ ಕೋರ್ಟಲ್ಲಿದೆ. ಮಗಳು ಮಧ್ಯ ಬಾಯಿ ಹಾಕಿ, ಯಾರ ಸೈಟೂ ಬೇಡ, ನಂಗೆ ಕಾರು ಕೊಡಿಸ್ತೀನಿ ಅಂದಿದ್ರಲ್ಲ ಅದು ಬೇಡ, ಕಿಚನ್ ರೀಮಾಡೆಲ್ ನೀವು ಬಿಡಿ, ಎಪಿ (ಹೈಸ್ಕೂಲ್‌ನಲ್ಲೇ ಓದೋ ಕಾಲೇಜ್ ಮಟ್ಟದ ಪಾಠ) ಕ್ರೆಡಿಟ್ ಎಷ್ಟು ತಗೋತಾರೆ ನೋಡಿ ಒಂದು ಸೆಮಿಸ್ಟರ್ ಮುಂಚೆ ಮುಗಿಸಕ್ಕೆ ಆಗತ್ತಾ ನೋಡ್ತೀನಿ ಅಂದ್ಳು, ಎಲ್ಲಾ ಒಂದು ಶೀಟ್‌ನಲ್ಲಿ ಬರ್ಕೊಂಡೇ ಬಂದಿದ್ಳು. ನನ್ನ ಕಿಚನ್ ಹೋಯ್ತು. ಹನ್ನೊಂದು ವರ್ಷದಿಂದ ಆ ಡ್ರಾಯರ್ ಎತ್ತಿ ಎಳೆದ್ರೇನೇ ಬರೋದು, ಇನ್ನು ನಾಲ್ಕು ವರ್ಷ ಎಳೀತೀನಿ.

ಹೂಂ ಅಂದ್ವಿ. ಅಕ್ಕ ಹೇಳಿದ ಹಂಗೇ ಮೊದ್ಲು ಹೊಸ ಕಾಲೇಜ್ ಪೋರ್ಟಲ್‌ನಲ್ಲಿ ಆಕ್ಸೆಪ್ಟ್ ಮಾಡಿ, ಡೆಪಾಸಿಟ್ ಕಟ್ಟಿ, ಕನ್ಫರ್ಮೇಷನ್ ಸ್ಕ್ರೀನ್‌ಶಾಟ್ ತೆಗೆದಾದ್ಮೇಲೆ ಹಳೇದರ ಪೋರ್ಟಲ್ ತೆಗೆದ್ವಿ. ಅಲ್ಲಿ ಬಿಡ್ತೀನಿ ಅನ್ನೋದಕ್ಕೆ ಒಂದು ಸಣ್ಣ ಬೂದು ಬಟನ್, ಯಾಕೆ ಅಂತ ಒಂದು ಲಿಸ್ಟ್, ಅದ್ರಲ್ಲಿ ವೇಟ್‌ಲಿಸ್ಟ್ ಅಂತ ಇರ್ಲೇ ಇಲ್ಲ, "ಇತರೆ" ಒತ್ತಿದ್ಳು. ಅಷ್ಟು ಸಾಲಲ್ಲ ಅಂತ ಸ್ಕಾಲರ್‌ಶಿಪ್ ಕೊಟ್ಟ ಆಫೀಸ್‌ಗೆ ಅವಳೇ ಒಂದು ಇಮೇಲ್ ಬರೆದ್ಳು, ಹತ್ತು ನಿಮಿಷದಲ್ಲಿ ಆಯ್ತು. ಆ ರೂಮ್‌ಮೇಟ್ ಹುಡುಗಿಗೆ ಮೆಸೇಜ್ ಬರೆಯೋಕೆ ಮಾತ್ರ ರಾತ್ರಿ ಒಂದು ಗಂಟೆ ಆಯ್ತು.

ಶಾಲೆಆಫೀಸ್_ಅಕ್ಕ
ಸಂತೋಷ. ಇನ್ನು ಸ್ವಲ್ಪ ಬಾಲ ಉಳಿದಿದೆ. ಸ್ಕೂಲ್ ಕೌನ್ಸೆಲರ್‌ಗೆ ನಾಳೇನೇ ಹೇಳಿ, ಫೈನಲ್ ಟ್ರಾನ್ಸ್‌ಕ್ರಿಪ್ಟ್ (ಹೈಸ್ಕೂಲ್ ಅಂಕಪಟ್ಟಿ) ಒಂದೇ ಕಡೆ ಹೋಗೋದು, ಹೇಳದೇ ಇದ್ರೆ ಹಳೇ ಕಾಲೇಜಿಗೆ ಹೋಗಿರತ್ತೆ, ಬೇಸಿಗೆ ರಜೇಲಿ ನಮ್ಮ ಆಫೀಸ್ ಫೋನ್ ಎತ್ತೋರೂ ಇರಲ್ಲ. ಎಪಿ ಸ್ಕೋರ್ ಫ್ರೀ ಆಗಿ ಕಳಿಸೋ ಕಾಲೇಜ್ ಜೂನ್ 20 ರ ಒಳಗೆ ಬದಲಾಯಿಸಿ. ಟೌನ್‌ನವರೋ ಕನ್ನಡ ಕೂಟದವರೋ ಕೊಟ್ಟ ಸ್ಕಾಲರ್‌ಶಿಪ್ ಏನಾದ್ರೂ ಇದ್ರೆ ಚೆಕ್ ಕಾಲೇಜ್ ಹೆಸರಲ್ಲಿ ಬರತ್ತೆ, ಅವರಿಗೂ ತಿಳಿಸಿ. ಡಾರ್ಮ್ ಕ್ಯಾನ್ಸಲ್ ಬೇರೆ ಫಾರ್ಮ್, ಬೇಳೆಸಾರು ಹೇಳಿದ್ದು ನೂರಕ್ಕೆ ನೂರು ನಿಜ.

ಎಡಿಸನ್_ಅಮ್ಮ
ಜೂನ್ ಮಧ್ಯದ ಅಪ್‌ಡೇಟ್, ಯಾರಿಗಾದ್ರೂ ಮುಂದೆ ಬೇಕಾಗಬಹುದು ಅಂತ. 400 ಹೋಯ್ತು. ಡಾರ್ಮ್ 200 ರಲ್ಲಿ 150 ವಾಪಸ್ ಬಂತು, ಅಪ್ಲಿಕೇಷನ್ ಫೀ 50 ಹಿಡ್ಕೊಂಡ್ರು. ಓರಿಯೆಂಟೇಷನ್‌ಗೆ ಕಟ್ಟಿದ್ದು ಪೂರ್ತಿ ಬಂತು, ಎರಡು ಇಮೇಲ್ ಹಾಕಿದ್ಮೇಲೆ. ಹಾಸನದಲ್ಲಿ ನಮ್ಮತ್ತೆಗೆ ಹೊಸ ಹೆಸರು ನಾಲಿಗೆ ಮೇಲೆ ನಿಲ್ತಿಲ್ಲ, ಬೀದಿಯವರಿಗೆ "ಮೊದಲನೇದಕ್ಕಿಂತ ದೊಡ್ಡದು" ಅಂತ ಹೇಳಿ ಮುಗಿಸಿದಾರೆ.

ಇನ್ನೊಂದು ವಿಷ್ಯ. ಹಳೇ ಕಾಲೇಜಿನ ಸ್ವೆಟ್‌ಶರ್ಟ್ ಎರಡಿದೆ, ಮಗಳದ್ದು ಮೀಡಿಯಂ ಎರಡು ಸಲ ಹಾಕಿದ್ದು, "ಡ್ಯಾಡ್" ದು ಎಕ್ಸ್‌ಎಲ್ ಟ್ಯಾಗ್ ಕೂಡ ಕಿತ್ತಿಲ್ಲ. ರಿಟರ್ನ್ ಡೇಟ್ ಮುಗೀತು. ಯಾರ ಮಕ್ಕಳಾದ್ರೂ ಅಲ್ಲಿಗೆ ಹೋಗ್ತಿದ್ರೆ ಮೆಸೇಜ್ ಮಾಡಿ, ಕಾಲೇಜ್ ಹೆಸರು ಅಲ್ಲೇ ಹೇಳ್ತೀನಿ, ಪೋಸ್ಟ್ ಖರ್ಚು ನಮ್ಮದೇ.

ಷಾರ್ಲೆಟ್_ಚಿತ್ರಾನ್ನ
ಮೆಸೇಜ್ ನೋಡಿ. ನನ್ನ ಎರಡನೇ ಮಗಳು ಅಲ್ಲಿಗೇ ಹೋಗ್ತಿರೋದು, ಮೇ ಕೊನೇ ವಾರ ವೇಟ್‌ಲಿಸ್ಟ್‌ನಿಂದ ಕರೆದ್ರು, ಈ ಸಲ ಏಡ್ ಲೆಟರ್ ಓದಿ ಆದ್ಮೇಲೇನೇ ಡೆಪಾಸಿಟ್ ಕಟ್ಟಿದ್ದು. ಎಕ್ಸ್‌ಎಲ್ ಇದ್ರೆ ಕಳಿಸಿ, ನಮ್ಮನೆಯವ್ರಿಗೆ ಸರಿಯಾಗತ್ತೆ. ಮೀಡಿಯಂ ಅವಳಿಗೆ ಸ್ವಲ್ಪ ದೊಡ್ಡದು, ಆದ್ರೂ ಕಳಿಸಿ.